ಮೇಟ್ರನ್ ಕಾರ್ಡಿನ ನಿಷೇಧ ಪ್ರಕರಣ

ಗುಮಾಸ್ತ: ಮೇಡಂ, ನಾಲ್ಕನೇ ಸಲ ಹೇಳ್ತಾ ಇದೀನಿ. ನಾವು ನಿಷೇಧ ಮಾಡಿರೋದು ಕಾರ್ಡನ್ನ. ನಿಮ್ಮನ್ನಲ್ಲ.

ಮೇಟ್ರನ್: ಕಾರ್ಡಿನ ಮೇಲಿರೋ ಮುಖ ಯಾರದು?

ಗುಮಾಸ್ತ: ನಿಮ್ಮದು.

ಮೇಟ್ರನ್: ತಲೆ ಮೇಲಿನ ಬಿಳಿ ಟೋಪಿ?

ಗುಮಾಸ್ತ: ನಿಮ್ಮದೇ.

ಮೇಟ್ರನ್: ಥರ್ಮಾಮೀಟರ್ ಹಿಡ್ಕೊಂಡು ಹುಬ್ಬು ಹೀಗೆ ಏರಿಸಿರೋದು?

ಮೇಟ್ರನ್ ಹುಬ್ಬು ಏರಿಸಿ ತೋರಿಸಿದರು. ಗುಮಾಸ್ತ ತನಗೇ ಗೊತ್ತಿಲ್ಲದ ಹಾಗೆ ಮೇಜಿನ ಮೇಲಿಂದ ಮೊಣಕೈ ತೆಗೆದು ನೆಟ್ಟಗೆ ಕೂತ.

ಗುಮಾಸ್ತ: ಅದೂ ನಿಮ್ಮದೇ.

ಮೇಟ್ರನ್: ಮುಖ ನಂದು, ಟೋಪಿ ನಂದು, ಹುಬ್ಬು ನಂದು. ನಿಷೇಧ ಮಾತ್ರ ಇನ್ಯಾರದೋ. ಇದು ಯಾವ ಸೀಮೆ ನ್ಯಾಯ ಕಣ್ರೀ?

ಈ ಗುಮಾಸ್ತ ಕೂತಿದ್ದದ್ದು 'ಮಹಾಕಾಳಗ' ಎಂಬ ಕಾರ್ಡಿನಾಟವನ್ನು ಅಚ್ಚು ಹಾಕುವ ಕಂಪನಿಯ ಎರಡನೇ ಮಹಡಿಯಲ್ಲಿ, ನಿಯಮ ವಿಭಾಗದಲ್ಲಿ. ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಹತ್ತು ಕಾರ್ಡಿನ ಪೊಟ್ಟಣ ಬರುತ್ತದೆ, ಒಳಗೇನಿದೆ ಎಂದು ಒಡೆಯುವವರೆಗೂ ತಿಳಿಯುವುದಿಲ್ಲ. ಒಂದೊಂದು ಕಾರ್ಡಿನ ಮೇಲೂ ಡ್ರ್ಯಾಗನ್ನೋ ರಾಕ್ಷಸನೋ ಮಾಟಗಾತಿಯೋ ಇರುತ್ತದೆ, ಅದರ ಬಲ ಎಷ್ಟು, ಅದು ಏನು ಮಾಡಬಲ್ಲದು ಎಂಬುದನ್ನು ಕೆಳಗೆ ಬರೆದಿರುತ್ತಾರೆ. ಮೀಸೆ ನರೆತ ಜನ ಇವುಗಳನ್ನು ಕೂಡಿಡುತ್ತಾರೆ, ಬದಲಾಯಿಸಿಕೊಳ್ಳುತ್ತಾರೆ, ಭಾನುವಾರ ಎದುರುಬದುರು ಕೂತು ಕಾದಾಡುತ್ತಾರೆ. ಯಾವುದಾದರೂ ಕಾರ್ಡಿನ ಬಲ ಅತಿಯಾಗಿ ಆಟವೇ ಕೆಟ್ಟರೆ ಅದನ್ನು ನಿಷೇಧಿಸುವುದು ನಮ್ಮ ಗುಮಾಸ್ತನ ಕೆಲಸ. ನಿಷೇಧಿಸುವುದೇನೋ ಸುಲಭ. ಆಮೇಲೆ ಬಂದು ಬೈಯುವವರ ಮುಂದೆ ಕೂರುವುದಿದೆಯಲ್ಲ, ಅದಕ್ಕೆ ಎಮ್ಮೆ ಚರ್ಮ ಬೇಕು. ಗುಮಾಸ್ತನಿಗೆ ಹನ್ನೊಂದು ವರ್ಷದಲ್ಲಿ ಅದು ಅರ್ಧ ಮಾತ್ರ ಬೆಳೆದಿತ್ತು.

ಆದರೆ ಕಾರ್ಡಿನ ಮೇಲಿರುವವರೇ ಎದ್ದು ಬಂದು ಬೈದದ್ದು ಇದೇ ಮೊದಲು. ಬೆಳಿಗ್ಗೆ ಈ ಹೆಂಗಸು, ಆಸ್ಪತ್ರೆಯಲ್ಲಿ ನರ್ಸುಗಳ ಮುಖ್ಯಸ್ಥೆಯಾಗಿದ್ದ ಮೇಟ್ರನ್, ತಮ್ಮ ಚಿತ್ರವಿದ್ದ ಕಾರ್ಡನ್ನು ಮೇಜಿನ ಮೇಲೆ ಟಪ್ ಎಂದು ಇಟ್ಟಾಗ ಗುಮಾಸ್ತ ವಿಷಯವನ್ನು ಪೂರಾ ತಪ್ಪು ತಿಳಿದಿದ್ದ. ಒಪ್ಪಿಗೆ ಕೇಳದೆ ಚಿತ್ರ ಬರೆದದ್ದಕ್ಕೆ ಜಗಳಕ್ಕೆ ಬಂದಿದ್ದಾರೆ ಅಂದುಕೊಂಡು ಕ್ಷಮಾಪಣೆ ಪತ್ರವನ್ನೂ ಬರೆದು ಮುಗಿಸಿದ್ದ.

ಮೇಟ್ರನ್: ಆ ಪತ್ರ ನೀವೇ ಇಟ್ಕೊಳ್ಳಿ. ಚಿತ್ರ ಬರೆದವನು ನನ್ನ ಅಳಿಯ, ನಿಮ್ಮ ಕಂಪನಿಯಲ್ಲೇ ಇದಾನೆ. ಮೂಗು ಸ್ವಲ್ಪ ದಪ್ಪ ಮಾಡಿದಾನೆ, ಅದನ್ನ ಮನೇಲಿ ವಿಚಾರಿಸ್ಕೊಂಡಿದೀನಿ. ನಾನು ಕೇಳ್ತಿರೋದು ಒಂದೇ. ಬರೋ ಭಾನುವಾರದ ಪಂದ್ಯದೊಳಗೆ ನನ್ನ ಮೇಲಿನ ನಿಷೇಧ ತೆಗೀಬೇಕು.

ಗುಮಾಸ್ತ: ನಿಮ್ಮ ಮೇಲಲ್ಲ, ಕಾರ್ಡಿನ...

ಮೇಟ್ರನ್: ಮತ್ತೆ ಅಲ್ಲಿಗೇ ಬಂದ್ರಿ.

ಗುಮಾಸ್ತ ಕಡತ ತೆಗೆದ. ವಾದ ಮಾಡಿ ಸೋಲುವುದಕ್ಕಿಂತ ಓದಿ ಹೇಳುವುದು ಕ್ಷೇಮ ಎನ್ನುವುದು ಅವನು ಕಂಡುಕೊಂಡ ದಾರಿ.

ಗುಮಾಸ್ತ: ಕೇಳಿ. ಕಾರ್ಡಿನ ಹೆಸರು, ಮೇಟ್ರನ್. ಬಲ, ಒಂಬತ್ತು. ಗುಣ ಒಂದು: 'ಮೇಟ್ರನ್ ಮೇಜಿಗೆ ಬಂದ ಕೂಡಲೇ ಎರಡೂ ಕಡೆಯ ಸಕಲ ಜೀವಿಗಳು ಮಲಗತಕ್ಕದ್ದು.' ಗುಣ ಎರಡು: 'ಅವರು ಹೇಳುವವರೆಗೆ ಯಾರೂ ಏಳಕೂಡದು.' ಗುಣ ಮೂರು: 'ಎದುರಾಳಿ ಗಲಾಟೆ ಮಾಡಿದಲ್ಲಿ ಕೋಣೆಯಿಂದ ಹೊರಗೆ ನಿಲ್ಲತಕ್ಕದ್ದು.'

ಮೇಟ್ರನ್: ಇದರಲ್ಲಿ ತಪ್ಪೇನಿದೆ? ಮೂವತ್ತಾರು ವರ್ಷ ಗಂಡಸರ ವಾರ್ಡಿನಲ್ಲಿ ನಾನು ಮಾಡಿದ್ದೇ ಇದು.

ಗುಮಾಸ್ತ: ಅದೇ ತಪ್ಪು. ನಿಮ್ಮ ಅಳಿಯಂದಿರು ಕಲ್ಪನೆ ಮಾಡಿ ಬರೀಬೇಕಿತ್ತು. ಅವರು ಇದ್ದದ್ದನ್ನ ಇದ್ದ ಹಾಗೇ ಬರೆದುಬಿಟ್ಟಿದಾರೆ.

ಕಂಡಕ್ಟರ್: ನನ್ನನ್ನ ಕೇಳಿ ಸ್ವಾಮಿ, ನಾನು ಹೇಳ್ತೀನಿ.

ಇವನು ಗೋಡೆ ಪಕ್ಕದ ಬೆಂಚಿನಲ್ಲಿ ಸರದಿಗೆ ಕಾದಿದ್ದವನು, ಈಗ ಎದ್ದು ನಿಂತಿದ್ದ. ಬಸ್ ಕಂಡಕ್ಟರ್, ಹೆಗಲಿಗೆ ಚರ್ಮದ ಚೀಲ, ಬಾಯಿಗೆ ಬಿಡುವಿಲ್ಲ. ಅವನ ಎರಡು ತಲೆ ಡ್ರ್ಯಾಗನ್ ಎಂಬ ಕಾರ್ಡು ಹೋದ ತಿಂಗಳು ನಿಷೇಧವಾಗಿತ್ತು. ಒಂದು ತಲೆ ಎದುರಾಳಿಯನ್ನು ಹೊಡೆಯುತ್ತದೆ, ಇನ್ನೊಂದು ತಲೆ ಹೊಡೆಸಿಕೊಂಡವನನ್ನು ಅಣಕಿಸುತ್ತದೆ, ಅಣಕಿಸಿದ್ದಕ್ಕೆ ಬೇರೆ ಎರಡು ಅಂಕ. ಪಂದ್ಯದಲ್ಲಿ ದೊಡ್ಡ ದೊಡ್ಡ ಮನುಷ್ಯರು ಕಣ್ಣೀರು ಹಾಕಿದ ಮೇಲೆ ಅದನ್ನು ನಿಲ್ಲಿಸಿದ್ದರು.

ಕಂಡಕ್ಟರ್: ಫೈನಲ್‌ನಲ್ಲಿ ಕೂತಿದ್ದವನು ನಾನೇ. ನನ್ನ ಕೈಯಲ್ಲೂ ಮೇಟ್ರನ್, ಎದುರಿನವನ ಕೈಯಲ್ಲೂ ಮೇಟ್ರನ್. ಇಬ್ಬರೂ ಒಟ್ಟಿಗೆ ಇಳಿಸಿದ್ವಿ. ಎಲ್ಲ ಜೀವಿಗಳೂ ಮಲಗಿದವು. ನಾನು ಇದೇನಿದು ಅಂದೆ, ಗಲಾಟೆ ಅಂತ ನನ್ನ ಹೊರಗೆ ಕಳಿಸಿದ್ರು. ಅವನು ನಕ್ಕ, ಅದೂ ಗಲಾಟೆ ಅಂತ ಅವನನ್ನೂ ಹೊರಗೆ ಕಳಿಸಿದ್ರು. ಅಂಪೈರು ಸುಮ್ನಿರ್ರೀ ಅಂತ ಕೂಗಿದ್ರು.

ಮೇಟ್ರನ್: ಅವರನ್ನೂ ಕಳಿಸಿದ್ರಾ?

ಕಂಡಕ್ಟರ್: ಅವರಾಗೇ ಎದ್ದು ಬಂದ್ರು. ಪ್ರಾಮಾಣಿಕ ಮನುಷ್ಯ. ಒಳಗೆ ಕಪ್ ಒಂದೇ ಉಳೀತು. ನಾವು ಮೂವರೂ ವರಾಂಡದಲ್ಲಿ ನಿಂತು ನಿಂತು ಕಾಲು ಮರಗಟ್ಟಿ ಮನೆಗೆ ಹೋದ್ವಿ. ಕಾವಲುಗಾರ ಬೀಗ ಹಾಕ್ಕೊಂಡ.

ಗುಮಾಸ್ತ: ಆ ಪಂದ್ಯ ಇವತ್ತಿಗೂ ಮುಗಿದಿಲ್ಲ ಮೇಡಂ. ನಿಯಮದ ಪ್ರಕಾರ ನೀವು ಹೇಳೋವರೆಗೂ ಯಾರೂ ಏಳೋ ಹಾಗಿಲ್ಲ. ಕಾರ್ಡು ಮಾತಾಡಲ್ಲ. ಹಾಗಾಗಿ ಯಾರೂ ಏಳಲಿಲ್ಲ.

ಮೇಟ್ರನ್ ಒಂದು ಕ್ಷಣ ಅವನನ್ನೇ ನೋಡಿದರು. ಬೆಡ್‌ಪ್ಯಾನನ್ನು ತಪ್ಪು ಹಾಸಿಗೆಗೆ ಒಯ್ದ ಹೊಸ ಹುಡುಗಿಯನ್ನು ನೋಡುವ ನೋಟ ಅದು.

ಮೇಟ್ರನ್: ಅಷ್ಟೇನಾ? ನನ್ನ ಕರೆಸಬೇಕಿತ್ತು.

ಗುಮಾಸ್ತ: ಏನಂದ್ರಿ?

ಮೇಟ್ರನ್: ಒಂದು ಫೋನ್ ಮಾಡಿದ್ರೆ ಬಂದು 'ಏಳಿ' ಅಂತಿದ್ದೆ. ಭಾನುವಾರ ನನಗೇನು ಕೆಲಸ? ಮೂರು ಬಸ್ ಬದಲಾಯಿಸಿ ಬರ್ತಿದ್ದೆ.

ಗುಮಾಸ್ತ ಪೆನ್ನು ಕೆಳಗಿಟ್ಟ. ಸಮಿತಿಯ ಏಳು ಜನ, ಎರಡು ತಿಂಗಳು, ನಲವತ್ತು ಪುಟದ ವರದಿ. ಈ ಒಂದು ಉಪಾಯ ಯಾರ ತಲೆಗೂ ಹೊಳೆದಿರಲಿಲ್ಲ. ಹಾಗಂತ ಒಪ್ಪಿಕೊಂಡರೆ ಕುರ್ಚಿಗೆ ಮರ್ಯಾದೆ ಉಳಿಯುತ್ತದೆಯೇ?

ಗುಮಾಸ್ತ: ಹಾಗೆಲ್ಲ ಆಗಲ್ಲ ಮೇಡಂ. ಬೇಕಾದ್ರೆ ಒಂದು ಮಾಡಬಹುದು. ಬಲ ಕಡಿಮೆ ಮಾಡಿ ವಾಪಸ್ ಬಿಡೋಣ. ಒಂಬತ್ತು ಇರೋದನ್ನ ನಾಲ್ಕು ಮಾಡೋಣ.

ಮೇಟ್ರನ್: ನಾಲ್ಕಾ? ನಮ್ಮ ವಾರ್ಡಿನ ಕಸ ಗುಡಿಸೋ ಆಯಾಗೇ ಆರು ಇತ್ತು.

ಗುಮಾಸ್ತ: ಐದು.

ಕಂಡಕ್ಟರ್: ಐದು ಜಾಸ್ತಿ ಸ್ವಾಮಿ. ಇವರ ಎದುರಿಗೆ ನೀವು ಕೂತಿಲ್ಲ, ನಾನು ಕೂತಿದೀನಿ.

ಮೇಟ್ರನ್: ನೀವು ಸುಮ್ನೆ ಕೂತ್ಕೊಳ್ಳಿ.

ಕಂಡಕ್ಟರ್ ಕೂತ. ಕೂತ ಮೇಲೆ ತಾನು ಯಾಕೆ ಕೂತೆ ಎಂದು ಅತ್ತ ಇತ್ತ ನೋಡಿದ.

ಗುಮಾಸ್ತ: ಸರಿ, ಬಲ ಹಾಗೇ ಇರಲಿ. 'ಸಕಲ ಜೀವಿಗಳು' ಅನ್ನೋದನ್ನ ತೆಗೆದು 'ಯಾವುದಾದರೂ ಒಂದು ಜೀವಿ' ಅಂತ ಮಾಡೋಣ.

ಮೇಟ್ರನ್: ಒಬ್ಬನ್ನ ಮಲಗಿಸಿ ಮಿಕ್ಕವರನ್ನ ಓಡಾಡೋಕೆ ಬಿಡ್ಲಾ? ಒಂದೇ ವಾರ್ಡಲ್ಲಿ ಹತ್ತು ಜನರಿಗೆ ಹತ್ತು ಕಾನೂನಾ? ಅದು ಆಸ್ಪತ್ರೆನೋ ಸಂತೆನೋ?

ಗುಮಾಸ್ತ: ಅದು ಯುದ್ಧಭೂಮಿ ಮೇಡಂ.

ಮೇಟ್ರನ್: ಹಾಗಾದ್ರೆ ಇನ್ನೂ ಜಾಸ್ತಿ ಜನ ಮಲಗಬೇಕು. ಅಂದಹಾಗೆ ನಾಲಿಗೆ ತೋರಿಸಿ.

ಗುಮಾಸ್ತ: ಯಾರು, ನಾನಾ?

ಮೇಟ್ರನ್: ಆಗಿಂದ ನೋಡ್ತಾ ಇದೀನಿ, ಮುಖ ಬಾಡಿದೆ. ತೋರಿಸಪ್ಪ.

ಸರ್ಕಾರಿ ಮೊಹರಿಗಿಂತ ದೊಡ್ಡ ಮೊಹರನ್ನು ಎದುರಿಗೇ ಇಟ್ಟುಕೊಂಡಿದ್ದ ನಿಯಮ ವಿಭಾಗದ ಗುಮಾಸ್ತ, ಹನ್ನೊಂದು ವರ್ಷದಲ್ಲಿ ಯಾರಿಗೂ ಮಣಿಯದವನು, ನಾಲಿಗೆ ಚಾಚಿದ. ಬೆಂಚಿನ ಮೇಲಿದ್ದ ಕಂಡಕ್ಟರ್‌ಗೆ ಯಾರೂ ಹೇಳಿರಲಿಲ್ಲ, ಅವನೂ ಚಾಚಿದ.

ಮೇಟ್ರನ್: ಬರೀ ಕಾಫಿ ಕುಡ್ಕೊಂಡು ಬದುಕಿದೀಯ. ಮಧ್ಯಾಹ್ನ ಊಟ ಬಿಡ್ತೀಯ ತಾನೆ?

ಗುಮಾಸ್ತ: ಕೆಲಸ ಜಾಸ್ತಿ ಸಿಸ್ಟರ್.

ಮೇಡಂ ಹೋಗಿ ಸಿಸ್ಟರ್ ಯಾವಾಗ ಆಯಿತು ಎನ್ನುವುದು ಅವನಿಗೂ ತಿಳಿಯಲಿಲ್ಲ. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಕಚೇರಿಗೆ ಕಚೇರಿಯೇ ಮಲಗುತ್ತದೆ ಎಂದು ಅವನಿಗೆ ಭಯ ಹತ್ತಿತು. ಗಂಟಲು ಸರಿಮಾಡಿಕೊಂಡು ಖಡಾಖಂಡಿತವಾಗಿ ಮಾತಾಡಲು ಹೊರಟ.

ಗುಮಾಸ್ತ: ನೋಡಿ, ಇದು ಒಂದು ಆಟ. ಒಂದು ರಟ್ಟಿನ ತುಂಡು. ನಿವೃತ್ತಿ ಆಗಿದೆ, ಆರಾಮಾಗಿ ಮನೇಲಿ ಇರೋದು ಬಿಟ್ಟು ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ?

ಮೇಟ್ರನ್ ಮೇಜಿನ ಮೇಲಿದ್ದ ಕಾರ್ಡನ್ನು ತೆಗೆದು ಸೆರಗಿನ ತುದಿಯಿಂದ ಒರೆಸಿದರು. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ.

ಮೇಟ್ರನ್: ನಿವೃತ್ತಿ ಆಗಿ ಎಂಟು ತಿಂಗಳಾಯ್ತು. ಮನೇಲಿ ಯಾರಿಗೂ ಹುಷಾರು ತಪ್ಪಲ್ಲ. ಮಗಳು ಗಟ್ಟಿ, ಅಳಿಯ ಗಟ್ಟಿ, ಎದುರು ಮನೆ ಅಜ್ಜ ತೊಂಬತ್ತೊಂದು, ಅವರೂ ಗಟ್ಟಿ. ಬೆಳಿಗ್ಗೆ ಐದಕ್ಕೆ ಎಚ್ಚರ ಆಗುತ್ತೆ, ಎದ್ದು ಏನು ಮಾಡ್ಲಿ? ಭಾನುವಾರ ಸಾಯಂಕಾಲ ಅಳಿಯ ಪಂದ್ಯ ಮುಗಿಸಿ ಬಂದು ಹೇಳೋನು: ಅತ್ತೆ, ಇವತ್ತು ಹದಿನೇಳು ರಾಕ್ಷಸರನ್ನ ಮಲಗಿಸಿದ್ರಿ. ಅತ್ತೆ, ಇವತ್ತು ಜ್ವಾಲಾಮುಖಿನೇ ಮಲಗಿತು. ಅದನ್ನ ಕೇಳಿ ಒಂದು ವಾರ ತಳ್ಳಿಬಿಡ್ತಿದ್ದೆ.

ಕಂಡಕ್ಟರ್: ಜ್ವಾಲಾಮುಖಿ ಮಲಗಿದ್ದು ನಿಜ. ನಾನೇ ನೋಡಿದೀನಿ.

ಮೇಟ್ರನ್: ಈಗ ನಾಲ್ಕು ವಾರದಿಂದ ಅಳಿಯ ಮುಖ ತಪ್ಪಿಸ್ತಾನೆ. ನಾನು ಬಂದ್ರೆ ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೋತಾನೆ. ಭೇದಿ ಇರಬೇಕು ಅಂತ ನಾನು ಒಳಗೊಳಗೇ ಖುಷಿಪಟ್ಟೆ. ಆಮೇಲೆ ನೋಡಿದ್ರೆ, ಆಟದ ಅಂಗಡಿ ಬಾಗಿಲಲ್ಲಿ ನನ್ನ ಹೆಸರು ಅಂಟಿಸಿದಾರೆ. ಅತಿಯಾದ ಬಲ, ನಿಷೇಧಿಸಲಾಗಿದೆ. ಆಸ್ಪತ್ರೆಯವರಾದ್ರೂ ಒಂದು ಹೂವಿನ ಗುಚ್ಛ ಕೊಟ್ಟು ಕಳಿಸಿದ್ರು. ಬೇಜಾರಾಗಲ್ವೇನಪ್ಪ? ನನಗೆ ತುಂಬಾ ಬೇಜಾರಾಯ್ತು.

ಗುಮಾಸ್ತ ಕಡತದ ಮೇಲಿದ್ದ ನೋಟೀಸಿನ ಪ್ರತಿಯನ್ನು ಬೇರೆ ಹಾಳೆಗಳ ಅಡಿಗೆ ಸರಿಸಿದ. ಆ ನೋಟೀಸನ್ನು ಟೈಪ್ ಮಾಡಿದವನು ಅವನೇ.

ಮೇಟ್ರನ್: ಹೋಗ್ಲಿ ಬಿಡು. ನನ್ನನ್ನ ಎಲ್ಲಿಟ್ಟಿದೀರಿ, ಅದನ್ನಾದ್ರೂ ತೋರಿಸು.

ನಿಷೇಧವಾದ ಪ್ರತಿ ಕಾರ್ಡಿನ ಮೊದಲ ಪ್ರತಿಯನ್ನು ಕಚೇರಿಯಲ್ಲಿ ಇಡಬೇಕೆಂಬ ಪದ್ಧತಿ. ಗುಮಾಸ್ತ ಮೂಲೆಯ ಕಬ್ಬಿಣದ ಬೀರು ತೆರೆದು ಎಲ್ಲಕ್ಕಿಂತ ಕೆಳಗಿನ ಖಾನೆಯನ್ನು ಎಳೆದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಕಂಡಕ್ಟರ್ ಬಂದು ಬೀರುವಿಗೆ ಒಂದು ಒದೆ ಕೊಟ್ಟ ಮೇಲೆ ಪೂರ್ತಿ ಬಂತು. ಒಳಗೆ ಇಪ್ಪತ್ತಮೂರು ಕಾರ್ಡು, ರಬ್ಬರ್ ಬ್ಯಾಂಡ್ ಹಾಕಿ ಬಿಗಿದು, ಮುಖ ಕೆಳಗೆ ಮಾಡಿ ಇಟ್ಟಿದ್ದರು. ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು.

ಮೇಟ್ರನ್: ಇವರೆಲ್ಲ ಯಾರು?

ಗುಮಾಸ್ತ: ಇವೂ ನಿಷೇಧ ಆದವು ಸಿಸ್ಟರ್. ಎಲ್ಲ ಅತಿಯಾದ ಬಲದವು.

ಮೇಟ್ರನ್: ಎಷ್ಟು ದಿನದಿಂದ ಹೀಗೆ ಮುಖ ಕೆಳಗಾಗಿ ಮಲಗಿದಾರೆ?

ಗುಮಾಸ್ತ: ಕೆಲವು ಒಂಬತ್ತು ವರ್ಷದಿಂದ.

ಮೇಟ್ರನ್: ಒಂದ್ಸಲನಾದ್ರೂ ಮಗ್ಗುಲು ಬದಲಾಯಿಸಿದೀರಾ?

ನಿಯಮದ ಪುಸ್ತಕದಲ್ಲಿ ಮಗ್ಗುಲಿನ ವಿಷಯ ಬಂದೇ ಇಲ್ಲ. ಅಷ್ಟರಲ್ಲಿ ಮೇಟ್ರನ್ ರಬ್ಬರ್ ಬ್ಯಾಂಡ್ ಬಿಚ್ಚಿ, ಕನ್ನಡಕ ಏರಿಸಿ, ಮೊದಲನೆಯದನ್ನು ಕೈಗೆ ತೆಗೆದುಕೊಂಡಿದ್ದರು.

ಮೇಟ್ರನ್: ಇವನಿಗೇನು?

ಗುಮಾಸ್ತ: ಅದು ಹಸಿದ ಮೋಡ. ಎದುರಾಳಿಯ ಕಾರ್ಡುಗಳನ್ನೆಲ್ಲ ತಿನ್ನುತ್ತೆ. ತಿಂದಷ್ಟೂ ಹಸಿವು.

ಮೇಟ್ರನ್: ಜಂತುಹುಳ. ನೋಡಿದ್ರೇ ಗೊತ್ತಾಗುತ್ತೆ. ಇದು?

ಗುಮಾಸ್ತ: ಬಾಗಿಲಿಲ್ಲದ ಕೋಟೆ. ಒಳಗೂ ಹೋಗೋಕಾಗಲ್ಲ, ಒಳಗಿರೋದು ಹೊರಗೂ ಬರಲ್ಲ.

ಮೇಟ್ರನ್: ಪಾಪ, ಒಂಬತ್ತು ವರ್ಷದಿಂದ ಬಂದಿಲ್ವಾ? ಹೊಟ್ಟೆ ಎಷ್ಟು ಉಬ್ಬಿದೆ ನೋಡು. ಬಾಳೆಹಣ್ಣು, ಬಿಸಿನೀರು. ಇದು ಗಡಿಯಾರ ಯಾಕೆ ತಲೆ ತಗ್ಗಿಸಿದೆ?

ಗುಮಾಸ್ತ: ಹಿಂದಕ್ಕೆ ಓಡೋ ಗಡಿಯಾರ. ಇದನ್ನ ಇಳಿಸಿದ್ರೆ ಆಟ ಮತ್ತೆ ಮೊದಲಿಂದ ಶುರು. ಒಂದು ಪಂದ್ಯ ಹೋದ ವರ್ಷದ ಹಿಂದಿನ ವರ್ಷಕ್ಕೆ ಹೋಗಿಬಿಟ್ಟಿತ್ತು.

ಮೇಟ್ರನ್: ಹಳೇದನ್ನೇ ಯೋಚನೆ ಮಾಡ್ತಾ ಕೊರಗ್ತಾ ಇದೆ. ಕಿಟಕಿ ಹತ್ರ ಹಾಕು, ಬೀದಿ ನೋಡ್ಲಿ.

ಗುಮಾಸ್ತ ಗಡಿಯಾರವನ್ನು ಕಿಟಕಿಗೆ ಒರಗಿಸಿ ನಿಲ್ಲಿಸಿದ. ನಿಲ್ಲಿಸಿದ ಮೇಲೆ ಸ್ವಲ್ಪ ಬೆಳಕಿನ ಕಡೆ ಓರೆ ಮಾಡಿದ. ಕಂಡಕ್ಟರ್ ಮಾತ್ರ ಚೀಲ ಎದೆಗವಚಿಕೊಂಡು ಚಡಪಡಿಸುತ್ತಿದ್ದ.

ಕಂಡಕ್ಟರ್: ಸಿಸ್ಟರ್, ಅದರಲ್ಲಿ ಎರಡು ತಲೆ ಡ್ರ್ಯಾಗನ್ ಅಂತ ಒಂದು ಇರಬೇಕು. ನಮ್ಮದು ಮನೇಲಿದೆ, ಆದ್ರೂ ಇದೂ ಅದೇ ತಾನೇ. ಹೇಗಿದೆ?

ಮೇಟ್ರನ್: ಇದಾ? ಕಣ್ಣು ಕೆಂಪಗಿದೆ. ಎರಡೂ ತಲೆಗೂ ಒಟ್ಟಿಗೆ ನಿದ್ದೆ ಬಂದಿಲ್ಲ ಅನ್ಸುತ್ತೆ. ಒಂದು ಮಲಗಿದ್ರೆ ಇನ್ನೊಂದು ಮಾತಾಡಿಸುತ್ತೆ.

ಕಂಡಕ್ಟರ್: ಹೌದು ಸಿಸ್ಟರ್, ಆ ಎಡಗಡೆದಕ್ಕೆ ಬಾಯಿ ಜಾಸ್ತಿ.

ಗುಮಾಸ್ತ ಬಂದು ಕುರ್ಚಿಯಲ್ಲಿ ಕೂತ. ಬಹಳ ಹೊತ್ತು ಪೆನ್ನು ಕಚ್ಚಿದ. ಆಮೇಲೆ ಬಿಳಿ ಹಾಳೆ ಎಳೆದುಕೊಂಡು ಸರಸರ ಬರೆದು, ಮೇಲಿನವರು ಏನೆನ್ನುತ್ತಾರೋ ಎಂದೂ ನೋಡದೆ ದೊಡ್ಡ ಮೊಹರನ್ನು ಕುಟ್ಟಿದ. ಹನ್ನೊಂದು ವರ್ಷದಲ್ಲಿ ಅವನು ಸಮಿತಿಯನ್ನು ಕೇಳದೆ ಕುಟ್ಟಿದ ಮೊದಲ ಮೊಹರು ಅದು. ಅವನ ಕಿವಿ ಕೆಂಪಾಗಿತ್ತು.

ಗುಮಾಸ್ತ: ತಗೊಳ್ಳಿ ಸಿಸ್ಟರ್. ನಿಷೇಧ ತೆಗೆದಿದೀನಿ. ಬಲ ಒಂಬತ್ತೇ. ಒಂದೇ ತಿದ್ದುಪಡಿ, 'ಏಳಿ' ಅಂತ ಹೇಳೋಕೆ ನಿಮ್ಮನ್ನ ಪ್ರತಿ ಭಾನುವಾರ ಕರೆಸತಕ್ಕದ್ದು. ಏನಾದ್ರೂ ಬಂದ್ರೆ ನಾನು ನೋಡ್ಕೋತೀನಿ.

ಮೇಟ್ರನ್ ಹಾಳೆಯನ್ನು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಅದನ್ನು ಎರಡು ಮಡಿಕೆ ಮಾಡಿ, ಹಸಿದ ಮೋಡದ ತಲೆಯ ಕೆಳಗೆ ದಿಂಬಿನ ಹಾಗೆ ಇಟ್ಟರು.

ಗುಮಾಸ್ತ: ಅಯ್ಯೋ, ಅದು ಆದೇಶ ಸಿಸ್ಟರ್.

ಮೇಟ್ರನ್: ಗೊತ್ತು ಕಣಪ್ಪ. ನಿನ್ನ ಮನಸ್ಸು ದೊಡ್ಡದು. ಆದ್ರೆ ನನ್ನ ಮೇಲಿನ ನಿಷೇಧ ಹಾಗೇ ಇರಲಿ.

ಗುಮಾಸ್ತ: ಬೆಳಿಗ್ಗೆಯಿಂದ ಅದನ್ನ ತೆಗೀರಿ ಅಂತ ತಾನೇ ನನ್ನ ಜೀವ ತಿಂದ್ರಿ?

ಮೇಟ್ರನ್: ಆಗ ನನಗೇನು ಗೊತ್ತಿತ್ತು? ಹೊರಗಿರೋರೆಲ್ಲ ಗಟ್ಟಿಮುಟ್ಟಾಗಿ ಕಾದಾಡ್ಕೊಂಡು ಇದಾರೆ. ಕಾಯಿಲೆಯವರೆಲ್ಲ ಇಲ್ಲಿ ಬಿದ್ದಿದಾರೆ. ಇಪ್ಪತ್ತೆರಡು ಜನ, ನೋಡ್ಕೊಳ್ಳೋಕೆ ಒಂದು ನರಪಿಳ್ಳೆ ಇಲ್ಲ. ಇವರನ್ನ ಬಿಟ್ಟು ನಾನು ಜ್ವಾಲಾಮುಖಿ ಮಲಗಿಸ್ತಾ ಕೂರ್ಲಾ?

ಗುಮಾಸ್ತ: ಇಪ್ಪತ್ತಮೂರು ಸಿಸ್ಟರ್.

ಮೇಟ್ರನ್: ನನ್ನನ್ನೂ ಸೇರಿಸಿ ಎಣಿಸ್ತೀಯಲ್ಲ. ನಾನು ಡ್ಯೂಟಿ ಮೇಲಿದೀನಿ.

ಮಾರನೆಯ ದಿನ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಮೇಟ್ರನ್ ಬಂದರು. ಇಸ್ತ್ರಿ ಮಾಡಿದ ಬಿಳಿ ಸೀರೆ, ಜೊತೆಗೆ ಒಗೆದ ಕರವಸ್ತ್ರ ಇಪ್ಪತ್ತೆರಡು. ಮೇಲಧಿಕಾರಿಗಳು ವಿಚಾರಿಸಲು ಬಂದರು. ರಕ್ತದೊತ್ತಡ ನೋಡಿಸಿಕೊಂಡು, ಉಪ್ಪು ಕಡಿಮೆ ಮಾಡುತ್ತೇನೆಂದು ಮಾತು ಕೊಟ್ಟು, ಬಂದ ವಿಷಯ ಮರೆತು ಹೋದರು. ವಾರ ಕಳೆಯುವಷ್ಟರಲ್ಲಿ ಕೆಳಗಿನ ಖಾನೆ ಖಾಲಿಯಾಗಿ, ಕಾರ್ಡುಗಳೆಲ್ಲ ಕಿಟಕಿಯ ಉದ್ದಕ್ಕೂ ಸಾಲಾಗಿ ಮಲಗಿದವು. ಗುಮಾಸ್ತ ಒಂದು ಗಂಟೆಗೆ ಸರಿಯಾಗಿ ಊಟ ಮಾಡತೊಡಗಿದ. ಅಳಿಯ ಬಚ್ಚಲಿನಿಂದ ಹೊರಗೆ ಬಂದ.

ಎರಡನೇ ವಾರ ಸಮಿತಿ ಸೇರಿ, ಅಣಕಿಸಿದ್ದಕ್ಕೆ ಕೊಡುವ ಅಂಕ ರದ್ದು ಮಾಡಿ, ಎರಡು ತಲೆ ಡ್ರ್ಯಾಗನ್ ಮೇಲಿನ ನಿಷೇಧ ತೆಗೆಯಿತು. ಕಂಡಕ್ಟರ್ ಆದೇಶ ಹಿಡಿದುಕೊಂಡು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಮೊದಲ ಪ್ರತಿಯನ್ನು ಕಚೇರಿಯಿಂದ ಹೊರಗೆ ಕಳಿಸಿದ ಹೊರತು ನಿಷೇಧ ತೆಗೆದಂತಾಗುವುದಿಲ್ಲ ಎಂಬುದು ನಿಯಮ.

ಕಂಡಕ್ಟರ್: ಸಿಸ್ಟರ್, ಆರ್ಡರ್ ಆಗಿದೆ. ಕಳಿಸಿಕೊಡಿ. ನಾಳೆ ಪಂದ್ಯ.

ಮೇಟ್ರನ್ ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ಕಿಟಕಿಯ ಕಡೆ ನೋಡಿದ.

ಮೇಟ್ರನ್: ಬಲಗಡೆ ತಲೆ ಆರಾಮಾಗಿದೆ, ಇವತ್ತೇ ಕಳಿಸಬಹುದು. ಎಡಗಡೆದಕ್ಕೆ ಇನ್ನೂ ಜ್ವರ ಇಳಿದಿಲ್ಲ.

ಕಂಡಕ್ಟರ್: ಹಾಗಾದ್ರೆ ಸದ್ಯಕ್ಕೆ ಬಲಗಡೆದೊಂದು...

ಮೇಟ್ರನ್: ಒಂದೇ ಮೈ ಅಲ್ವೇನ್ರೀ? ಅಂಟುತ್ತೆ.

ಕಂಡಕ್ಟರ್ ಗುಮಾಸ್ತನ ಮುಖ ನೋಡಿದ. ಮೊಹರು ಇರುವುದು ಅವನ ಕೈಯಲ್ಲಿ ತಾನೇ.

ಗುಮಾಸ್ತ: ನನ್ನನ್ನ ಯಾಕ್ರೀ ನೋಡ್ತೀರಿ? ಡಿಸ್ಚಾರ್ಜ್ ನನ್ನ ವಿಭಾಗ ಅಲ್ಲ.

ಕಂಡಕ್ಟರ್ ಆದೇಶವನ್ನು ಮಡಚಿ ಜೇಬಿಗಿಟ್ಟ. ಜಗಳ ಮಾಡಬೇಕೆಂದೇ ಬಂದಿದ್ದವನು ಚಪ್ಪಲಿ ಬಿಚ್ಚಿ, ಸದ್ದಾಗದಂತೆ ಕಿಟಕಿಯ ಹತ್ತಿರ ಹೋಗಿ ಬಗ್ಗಿ ನೋಡಿದ. ಮೆಲ್ಲಗೆ ಕೇಳಿದ.

ಕಂಡಕ್ಟರ್: ಊಟ ಮಾಡ್ತಾ ಸಿಸ್ಟರ್?

ಮೇಟ್ರನ್: ಒಂದು ತಲೆ ಮಾಡ್ತು. ಇನ್ನೊಂದು ನೀವು ಬಂದು ತಿನ್ನಿಸಲಿ ಅಂತ ಕೂತಿದೆ.